ಮದ್ಯಪಾನವೂ ಪುರುಷನ ಪುಂಸತ್ವವೂ

ಸಂತಾನವಿಲ್ಲವೆಂಬ ಕೊರಗನ್ನು ಹೊತ್ತು ಮಠಕ್ಕೆ ಬರುವ ಕುಟುಂಬಗಳಲ್ಲಿ ಮೊದಲು ಮಾತನಾಡುವವರು ಸಾಮಾನ್ಯವಾಗಿ ಹುಡುಗನ ತಾಯಿ. ಸೊಸೆ ತಲೆತಗ್ಗಿಸಿ ನಿಂತಿರುತ್ತಾಳೆ. ಮಗನು ಹೊರಗೆ ಪೌಳಿಯಲ್ಲಿ ಕುಳಿತಿರುತ್ತಾನೆ. ಹರಕೆ, ವ್ರತ, ಔಷಧಿಗಳೆಲ್ಲವೂ ಆಕೆಯ ಪಾಲಿಗೆ. ಅವನು ಪ್ರತಿ ಸಂಜೆ ಕುಡಿಯುವ ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಬಂಜೆತನದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ದೋಷವೂ ಸೇರಿರುತ್ತದೆ.

ಮದ್ಯವು ಕಾಮಶಕ್ತಿಯನ್ನು ಹೆಚ್ಚಿಸುವುದೆಂಬುದು ಬಹುಜನರ ಭ್ರಮೆ. ಅದು ಸಂಕೋಚವನ್ನು ಕಳೆಯುತ್ತದೆಯೇ ಹೊರತು ಶಕ್ತಿಯನ್ನು ಕೊಡುವುದಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಮದಾತ್ಯಯವನ್ನು ವಿವರಿಸುತ್ತ, ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ವಿರುದ್ಧವಾದವೆಂದು ಹೇಳುತ್ತದೆ. ವಿಧಿವತ್ತಾದ ಮಿತಪಾನವನ್ನು ಅದೇ ಗ್ರಂಥವು ಹೊಗಳಿದೆಯೆಂಬುದನ್ನು ಮುಚ್ಚಿಡಲಾರೆ. ಕುಡಿಯುವ ಪಂಡಿತರು ಉದ್ಧರಿಸುವುದು ಆ ಭಾಗವನ್ನೇ!

ಬಹುಕಾಲದ ಅತಿಪಾನವು ವೃಷಣಗಳಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಉತ್ಪತ್ತಿಯನ್ನು ಕುಗ್ಗಿಸುತ್ತದೆ. ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕೆಡುತ್ತವೆ. ಯಕೃತ್ತು ಹಾಳಾದರೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಪ್ರಬಲವಾಗಿ, ವೃಷಣಗಳು ಕುಗ್ಗಿ, ಗಂಡಸಿನ ಎದೆಯು ಹೆಣ್ಣಿನಂತೆ ಬೆಳೆಯುವುದುಂಟು. ನರಗಳಿಗೆ ಹಾನಿಯಾದಾಗ ಜನನೇಂದ್ರಿಯವು ನಿಮಿರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆ ಅವಮಾನವನ್ನು ಮರೆಯಲು ಮತ್ತೆ ಕುಡಿತ. ಕುಡಿದು ಬಂದ ಮೇಲೆ ಮಡದಿಯ ಶೀಲದ ಮೇಲೆ ಸಂಶಯ, ಏಟು. ಗೋಡೆಗಳ ಮೇಲಿನ ಗುಪ್ತರೋಗ ಚಿಕಿತ್ಸೆಯ ಜಾಹೀರಾತುಗಳು ಜೀವಿಸಿರುವುದು ಇಂಥವರ ಹಣದಿಂದಲೇ.

ಆದರೆ ಹಾನಿಯೆಲ್ಲವೂ ಶಾಶ್ವತವಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಆದುದರಿಂದ ಕುಡಿತವನ್ನು ಬಿಟ್ಟ ಮೂರು ತಿಂಗಳಲ್ಲಿ ಅನೇಕರಲ್ಲಿ ಸುಧಾರಣೆ ಕಾಣುತ್ತದೆ. ಯಕೃತ್ತು ಪೂರ್ಣ ಕೆಟ್ಟವರಿಗೆ ಈ ಭರವಸೆಯನ್ನು ಕೊಡಲಾಗದು. ಬಹುವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಮತಿಭ್ರಮಣೆ, ಸೆಳವುಗಳು ಬರಬಹುದು. ವೈದ್ಯರ ನಿಗಾ ಅವಶ್ಯಕ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನ ಆಗಸ್ಟ್ 1, ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಮಗನ ಕುಡಿತವನ್ನು ಆ ಜೋಳಿಗೆಗೆ ಹಾಕಿಸುವ ಮುನ್ನ ಅದು ಇದೆಯೆಂದು ತಾಯಂದಿರು ಒಪ್ಪಬೇಕಷ್ಟೆ.

ಹೀಗೆ ಬಂದವರಿಗೆ ನಾನು ಹೇಳುವುದಿಷ್ಟು: ಸೊಸೆಯನ್ನು ಇನ್ನೊಬ್ಬ ವೈದ್ಯರಲ್ಲಿಗೆ ಕರೆದೊಯ್ಯುವ ಮೊದಲು ಮಗನ ವೀರ್ಯಪರೀಕ್ಷೆಯಾಗಲಿ. ಎರಡರಿಂದ ಏಳು ದಿನಗಳ ಸಂಯಮದ ಬಳಿಕ ಪ್ರಯೋಗಾಲಯಕ್ಕೆ ಮಾದರಿಯನ್ನು ಕೊಟ್ಟರಾಯಿತು. ಹೆಣ್ಣಿನ ಪರೀಕ್ಷೆಗಳಲ್ಲಿರುವ ನೋವು ಅದರಲ್ಲಿಲ್ಲ.