ಬುಧಿ ಕುಂದರನ್: ಸರದಿ ಕಾಯ್ದ ಕೀಪರು

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಾಗಲಿ, ಕೆಂಪುಬಾಳೆಗೆ ಹೆಸರಾದ ಕಮಲಾಪುರದ ಬಯಲಿನಲ್ಲಾಗಲಿ ಕ್ರಿಕೆಟ್ ನೋಡುವವರು, ದಿನವಿಡೀ ಸ್ಟಂಪುಗಳ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತೇಳುವ ಕೀಪರನನ್ನು ಅವನು ಕ್ಯಾಚು ಬಿಟ್ಟಾಗಲಷ್ಟೇ ಸ್ಮರಿಸುವರು. ಹೀಗಿರುವಲ್ಲಿ, ತಂಡಕ್ಕೆ ಒಬ್ಬನೇ ಕೀಪರು ಸಾಕೆಂಬ ನಿಮಿತ್ತ ಹೊರಗುಳಿದ ಎರಡನೆಯವನನ್ನು ಕೇಳುವರಾರು?

ಹಾಗೆ ಹೊರಗುಳಿದವರಲ್ಲೊಬ್ಬರು, ಮೂಲ್ಕಿಯಲ್ಲಿ ಜನಿಸಿದ ಬುಧಿ ಕುಂದರನ್. ಅವರು ರಣಜಿ ಪಂದ್ಯವೊಂದನ್ನೂ ಆಡದೆಯೇ 1960ರಲ್ಲಿ ಆಸ್ಟ್ರೇಲಿಯಾದೆದುರು ಭಾರತದ ಪರ ಟೆಸ್ಟಿಗಿಳಿದರು. ಮರುವರ್ಷ ಇನ್ನೊಬ್ಬ ಕೀಪರು ಫಾರೂಕ್ ಎಂಜಿನಿಯರ್ ತಂಡವನ್ನು ಪ್ರವೇಶಿಸಿದ ತರುವಾಯ ಆ ಒಂದು ಸ್ಥಾನಕ್ಕೆ ಇಬ್ಬರು ಸಮರ್ಥರಾದರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 192 ರನ್ನು, ಆ ಸರಣಿಯಲ್ಲಿ ಒಟ್ಟು 525 ರನ್ನು ಗಳಿಸಿದರೂ ಕುಂದರನ್ನರ ಸ್ಥಾನ ಸ್ಥಿರವಾಗಲಿಲ್ಲ. ಇದು ಆಯ್ಕೆಗಾರರ ಅವಿವೇಕವೆಂದೇ ನನ್ನ ಮತ.

1967ರ ಬರ್ಮಿಂಗ್‌ಹ್ಯಾಮ್ ಟೆಸ್ಟಿನಲ್ಲಂತೂ, ವೇಗದ ಬೌಲರುಗಳು ಗಾಯಗೊಂಡುದರಿಂದ, ಕೈಗವಸು ಎಂಜಿನಿಯರರ ಪಾಲಾಗಿ, ಹೊಸ ಚೆಂಡು ಈ ಕೀಪರನ ಕೈಸೇರಿತು! ಎಂಥ ಬೌಲಿಂಗ್ ಮಾಡುವಿರೆಂದು ನಾಯಕ ಪಟೌಡಿ ಕೇಳಲು, ತಮಗೇ ತಿಳಿಯದೆಂದರಂತೆ. ಅದೇ ಅವರ 18ನೆಯ, ಕಡೆಯ ಟೆಸ್ಟು.

ರೈಲ್ವೇಸ್, ಮೈಸೂರು ತಂಡಗಳಿಗೆ ಆಡಿದ್ದ ಅವರು ಮುಂದೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಆ ದೇಶದ ಪರವಾಗಿಯೂ ಆಡಿ, 2006ರಲ್ಲಿ ಗ್ಲಾಸ್ಗೋದಲ್ಲಿ ನಿಧನರಾದರು.