ಮೊದಲು ಮೂತಿ, ಆಮೇಲೆ ಟ್ರಿಗರ್: ಬ್ಯಾಟರಿ ನೇಲ್ ಗನ್ನಿನ ಸುರಕ್ಷಿತ ಬಳಕೆ

ನೇಲ್ ಗನ್ನಿನಿಂದ ಮೊಳೆ ಹೊರಬರಬೇಕಾದರೆ ಎರಡು ಕೆಲಸ ಆಗಬೇಕು. ಯಂತ್ರದ ಮೂತಿಯ ತುದಿಯಲ್ಲಿ ಸ್ಪ್ರಿಂಗಿನ ಮೇಲೆ ಕೂತಿರುವ ಲೋಹದ ಭಾಗ ಮರಕ್ಕೆ ಒತ್ತಿ ಒಳಸರಿಯಬೇಕು. ಬೆರಳು ಟ್ರಿಗರ್ ಎಳೆಯಬೇಕು. ಈ ಎರಡರಲ್ಲಿ ಯಾವುದು ಮೊದಲು ಆಗಬೇಕು ಎಂಬುದನ್ನು ಯಂತ್ರ ಕಟ್ಟುನಿಟ್ಟಾಗಿ ಕೇಳುತ್ತದೆಯೋ ಇಲ್ಲವೋ ಎಂಬುದರ ಮೇಲೆ ಬಳಸುವವರ ಬೆರಳು, ಅಂಗೈ, ತೊಡೆಗಳ ಕ್ಷೇಮ ನಿಂತಿದೆ. ಕಾಂಟ್ಯಾಕ್ಟ್ ಟ್ರಿಗರ್ ಅಥವಾ ಬಂಪ್ ಎಂದು ಕರೆಯುವ ಏರ್ಪಾಟಿನಲ್ಲಿ ಟ್ರಿಗರನ್ನು ಒತ್ತಿ ಹಿಡಿದುಕೊಂಡೇ ಇರಬಹುದು; ಮೂತಿ ತಾಕಿದಲ್ಲೆಲ್ಲ ಒಂದೊಂದು ಮೊಳೆ ಇಳಿಯುತ್ತದೆ, ಅದು ಮರವೇ ಆಗಿರಲಿ, ಮೊಣಕಾಲೇ ಆಗಿರಲಿ. ಸೀಕ್ವೆನ್ಷಿಯಲ್ ಟ್ರಿಗರಿನಲ್ಲಿ ಮೂತಿ ಮೊದಲು ಒತ್ತಬೇಕು, ಟ್ರಿಗರ್ ಆಮೇಲೆ. ಮುಂದಿನ ಮೊಳೆಗೆ ಟ್ರಿಗರನ್ನು ಬಿಟ್ಟು ಮತ್ತೆ ಎಳೆಯಬೇಕು. ಇದರಲ್ಲೇ ಹೆಚ್ಚು ಬಿಗಿಯಾದ ಬಗೆಯಲ್ಲಿ ಮೂತಿಯನ್ನೂ ಮರದಿಂದ ಎತ್ತಬೇಕು. ಈ ಯಂತ್ರದ ಸುರಕ್ಷತೆಯ ಬಗ್ಗೆ ಹೇಳುವವರು ಸಾಮಾನ್ಯವಾಗಿ ಎಚ್ಚರದಿಂದಿರಿ ಎಂದು ಶುರುಮಾಡುತ್ತಾರೆ. ನನ್ನ ವಾದ ಬೇರೆ: ಎಚ್ಚರ ಬೇಕು, ಆದರೆ ಅದಕ್ಕಿಂತ ಮೊದಲು ಸರಿಯಾದ ಟ್ರಿಗರ್ ಬೇಕು.

ಈ ಮಾತಿಗೆ ಆಧಾರ ಹೆಚ್ಚಾಗಿ ಸಿಗುವುದು ಅಮೆರಿಕದಲ್ಲಿ, ಏಕೆಂದರೆ ಅಲ್ಲಿ ಮನೆಗಳನ್ನು ಮರದ ಚೌಕಟ್ಟಿನ ಮೇಲೆ ಕಟ್ಟುತ್ತಾರೆ. ಒಂದು ಮನೆಗೆ ಸಾವಿರಾರು ಮೊಳೆ ಬೇಕು. 2001ರಿಂದ 2005ರವರೆಗೆ ಅಲ್ಲಿನ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ನೇಲ್ ಗನ್ ಗಾಯದಿಂದ ಬಂದವರು ವರ್ಷಕ್ಕೆ ಸರಾಸರಿ 37,000 ಮಂದಿ ಎಂದು ಸರ್ಕಾರಿ ಅಂದಾಜು ಹೇಳುತ್ತದೆ. ಅವರಲ್ಲಿ ಶೇ 40ರಷ್ಟು ಮಂದಿ ವೃತ್ತಿಯ ಬಡಗಿಗಳಲ್ಲ, ಮನೆಯ ಬೇಲಿಯನ್ನೋ ಜಗುಲಿಯನ್ನೋ ತಾವೇ ರಿಪೇರಿ ಮಾಡಲು ಹೊರಟವರು. 1991ರಲ್ಲಿ ಇಂಥ ಹವ್ಯಾಸಿಗಳ ಗಾಯ ಸುಮಾರು 4,200 ಇದ್ದದ್ದು 2005ರ ಹೊತ್ತಿಗೆ ಮೂರು ಪಟ್ಟಿನಷ್ಟಾಯಿತು. ಅಮೆರಿಕದಲ್ಲಿ ಸ್ವಂತ ಮನೆ ಕೊಂಡು ವಾರಾಂತ್ಯಕ್ಕೆ ಹಾರ್ಡ್‌ವೇರ್ ಅಂಗಡಿಗೆ ಹೋಗುವ ಕನ್ನಡಿಗರೂ ಈ ಗುಂಪಿಗೇ ಸೇರುತ್ತಾರೆ. ವೃತ್ತಿ ಕಲಿಯುವವರ ಕಥೆ ಇನ್ನೂ ಕಳವಳದ್ದು. ತರಬೇತಿಯಲ್ಲಿದ್ದ ಬಡಗಿಗಳ ಅಧ್ಯಯನದಲ್ಲಿ ಮೊದಲ ನಾಲ್ಕು ವರ್ಷಗಳೊಳಗೆ ಐವರಲ್ಲಿ ಇಬ್ಬರಿಗೆ ಈ ಯಂತ್ರದಿಂದ ಗಾಯವಾಗಿತ್ತು. ಹತ್ತರಲ್ಲಿ ಒಬ್ಬರಿಗೆ ಮೂರು ಬಾರಿ ಅಥವಾ ಇನ್ನೂ ಹೆಚ್ಚು. ಬಂಪ್ ಟ್ರಿಗರ್ ಬಳಸುವಾಗ ಗಾಯದ ಅಪಾಯ ಸೀಕ್ವೆನ್ಷಿಯಲ್ ಟ್ರಿಗರಿಗಿಂತ ಎರಡು ಪಟ್ಟು ಎಂಬುದು ಈ ಸಂಶೋಧನೆಗಳ ಮುಖ್ಯ ಫಲಿತಾಂಶ. ಅನುಭವ ಮತ್ತು ತರಬೇತಿಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಟ್ರಿಗರಿನ ಈ ಅಂತರ ಉಳಿಯಿತು.

ಏಕೆ ಹೀಗೆ ಎಂಬುದಕ್ಕೆ ಕೈಯ ಚಲನೆಯಲ್ಲೇ ಉತ್ತರವಿದೆ. ಮೊಳೆ ಹೊಡೆದ ಕ್ಷಣ ಯಂತ್ರ ಹಿಂದಕ್ಕೆ ಒದೆಯುತ್ತದೆ, ಮೂತಿ ಮರದಿಂದ ಮೇಲೇಳುತ್ತದೆ. ಕೈ ಆಗಲೂ ಕೆಳಕ್ಕೆ ಒತ್ತುತ್ತಲೇ ಇರುವುದರಿಂದ ಮೂತಿ ಮತ್ತೆ ಮರಕ್ಕೆ ಬಡಿಯುತ್ತದೆ. ಇದೆಲ್ಲ ಬೆರಳು ಟ್ರಿಗರ್ ಬಿಡುವ ಮೊದಲೇ ಮುಗಿದಿರುತ್ತದೆ. ಬಂಪ್ ಟ್ರಿಗರ್ ಇದ್ದರೆ ಬೇಡದ ಎರಡನೆಯ ಮೊಳೆ ಹೊರಬಂದಿರುತ್ತದೆ. ಅದು ಮೊದಲ ಮೊಳೆಯ ತಲೆಗೆ ತಗುಲಿ ಸಿಡಿದು ಎಲ್ಲಿಗಾದರೂ ಹೋಗಬಹುದು. ಹೊಸಬರು ಒದೆತವನ್ನು ತಡೆಯಲು ಯಂತ್ರವನ್ನು ಹೆಚ್ಚು ಬಿಗಿಯಾಗಿ ಒತ್ತುತ್ತಾರೆ, ಹಾಗಾಗಿ ಅವರಿಗೇ ಇದು ಹೆಚ್ಚು. ಇದನ್ನು ಅಜಾಗರೂಕತೆ ಎಂದು ಕರೆಯುವುದು ನ್ಯಾಯವಲ್ಲ. ನರಗಳ ವೇಗಕ್ಕೆ ಮೀರಿದ್ದನ್ನು ಎಚ್ಚರ ತಡೆಯಲಾರದು. ಯಂತ್ರದೊಳಗಿನ ಒಂದು ಸಣ್ಣ ಏರ್ಪಾಟು ತಡೆಯಬಲ್ಲದು.

ಮೊದಲ ಆಕ್ಷೇಪ ವೇಗದ್ದು. ದಿನಗೂಲಿಗೆ ಅಥವಾ ಚದರಡಿ ಲೆಕ್ಕಕ್ಕೆ ದುಡಿಯುವವರಿಗೆ ಪ್ರತಿ ಮೊಳೆಗೂ ಬೆರಳು ಬಿಡುವುದು ನಷ್ಟವಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ, ಕೂಲಿಯ ಮಾತನ್ನು ಹಗುರವಾಗಿ ತಳ್ಳಿಹಾಕುವ ಸುರಕ್ಷತಾ ಉಪದೇಶ ಕೆಲಸದ ಜಾಗದಲ್ಲಿ ನಿಲ್ಲುವುದೂ ಇಲ್ಲ. ಅದೃಷ್ಟವಶಾತ್ ಇದನ್ನು ಅಳೆದು ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅನುಭವಿಗಳಾದ ಹತ್ತು ಮಂದಿ ಬಡಗಿಗಳು 8 ಅಡಿಗೆ 10 ಅಡಿ ಅಳತೆಯ ಒಂದೇ ಬಗೆಯ ಎರಡೆರಡು ಶೆಡ್‌ಗಳನ್ನು ಕಟ್ಟಿದರು, ಒಂದನ್ನು ಬಂಪ್ ಟ್ರಿಗರಿನಿಂದ, ಇನ್ನೊಂದನ್ನು ಸೀಕ್ವೆನ್ಷಿಯಲ್‌ನಿಂದ. ಮೊಳೆ ಹೊಡೆಯುವ ಸಮಯ ಬಂಪ್‌ನಲ್ಲಿ ಸರಾಸರಿ ಶೇ 10ರಷ್ಟು ಉಳಿಯಿತು. ಆದರೆ ಅಳೆಯುವುದು, ಗುರುತು ಹಾಕುವುದು, ಕೊಯ್ಯುವುದು ಎಲ್ಲ ಸೇರಿದ ಒಟ್ಟು ಕಟ್ಟುವ ಸಮಯದಲ್ಲಿ ಆ ಉಳಿತಾಯ ಶೇ 1ಕ್ಕಿಂತ ಕಡಿಮೆ. ಒಬ್ಬ ಬಡಗಿಗೂ ಇನ್ನೊಬ್ಬರಿಗೂ ಇದ್ದ ವೇಗದ ವ್ಯತ್ಯಾಸ ಎರಡು ಟ್ರಿಗರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಛಾವಣಿಗೆ ಹಲಗೆ ಹಾಸುವಂಥ ಒಂದೇ ಸಮನೆ ಮೊಳೆ ಹೊಡೆಯುವ ಕೆಲಸದಲ್ಲಿ ಉಳಿತಾಯ ಸ್ವಲ್ಪ ಹೆಚ್ಚಿರಬಹುದು, ಅದನ್ನು ಒಪ್ಪಬೇಕು. ಆದರೂ ಅಂಗೈಗೆ ಮೊಳೆ ಹೊಕ್ಕು ಒಂದು ವಾರ ಮನೆಯಲ್ಲಿ ಕೂತರೆ ಆ ಉಳಿತಾಯವೆಲ್ಲ ಹೋಗುತ್ತದೆ. ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಮತ್ತು ಬೆರಳಿನವು. ಅಂಥ ನಾಲ್ಕರಲ್ಲಿ ಒಂದು ಸ್ನಾಯುರಜ್ಜು, ಕೀಲು, ನರ ಅಥವಾ ಮೂಳೆಗೆ ಹಾನಿ ಮಾಡುವಂಥದ್ದು.

ಗಾಳಿಯ ಗನ್ ಬಿಟ್ಟು ಬ್ಯಾಟರಿಯದಕ್ಕೆ ಬಂದರೆ ಅಪಾಯ ಕಡಿಮೆ ಎಂಬ ನಂಬಿಕೆ ಇನ್ನೊಂದು ಆಕ್ಷೇಪ. ಬೆಂಗಳೂರಿನ ಇಂಟೀರಿಯರ್ ಕೆಲಸದಲ್ಲಿ ಪ್ಲೈವುಡ್‌ಗೆ, ಬೀಡಿಂಗ್ ಪಟ್ಟಿಗೆ ಕಂಪ್ರೆಸರ್ ಜೋಡಿಸಿದ ಗನ್ ಹಳೆಯ ಪರಿಚಯ. ಕಾಲಿಗೆ ತೊಡಕುವ ಪೈಪು, ಕಂಪ್ರೆಸರಿನ ಗದ್ದಲ ಎರಡೂ ಬ್ಯಾಟರಿ ಯಂತ್ರದಲ್ಲಿ ಇಲ್ಲ, ನಿಜ. ಆದರೆ ಮೊಳೆ ತಳ್ಳುವ ಶಕ್ತಿ ಎಲ್ಲಿಯೋ ಒಂದು ಕಡೆ ಕೂಡಿರಲೇಬೇಕು. 1986ರಲ್ಲಿ ಪ್ಯಾಸ್ಲೋಡ್ ಕಂಪನಿ ಮಾರುಕಟ್ಟೆಗೆ ತಂದ ಬಗೆಯಲ್ಲಿ ಸಣ್ಣ ಡಬ್ಬಿಯ ಗ್ಯಾಸ್ ಉರಿದು ಪಿಸ್ಟನ್ ತಳ್ಳುತ್ತದೆ, ಬ್ಯಾಟರಿ ಬರೀ ಕಿಡಿಗೆ ಮತ್ತು ಫ್ಯಾನಿಗೆ. ಇನ್ನೊಂದು ಬಗೆಯಲ್ಲಿ ಮೋಟಾರ್ ಒಂದು ಭಾರದ ಚಕ್ರವನ್ನು ಜೋರಾಗಿ ತಿರುಗಿಸಿ ಆ ಓಟವನ್ನು ಮೊಳೆಗೆ ದಾಟಿಸುತ್ತದೆ. ಮೂರನೆಯದರಲ್ಲಿ ಮುಚ್ಚಿದ ಸಿಲಿಂಡರಿನೊಳಗೆ ನೈಟ್ರೋಜನ್ ಅದುಮಿ ಇಟ್ಟಿರುತ್ತದೆ. ಈ ಕೊನೆಯದು ವಿಶೇಷ ಗಮನ ಬೇಡುತ್ತದೆ: ಬ್ಯಾಟರಿ ತೆಗೆದ ಮೇಲೂ ಆ ಒತ್ತಡ ಒಳಗೆ ಇದ್ದೇ ಇರುತ್ತದೆ. ಹಾಗಾಗಿ ಮೊಳೆ ಸಿಕ್ಕಿಕೊಂಡಾಗ ಬ್ಯಾಟರಿ ಬಿಚ್ಚಿ, ಮೊಳೆ ಪಟ್ಟಿಯನ್ನೂ ಹೊರತೆಗೆದು, ಮೂತಿಯನ್ನು ಮೈಯಿಂದ ಆಚೆಗೆ ತಿರುಗಿಸಿಕೊಂಡೇ ಕೈಹಾಕಬೇಕು. ಮೊಳೆ ಬಡಿಯುವ ಉಕ್ಕಿನ ಪಟ್ಟಿಯ ದಾರಿಯಲ್ಲಿ ಬೆರಳಿಡಬಾರದು. ಸಿಲಿಂಡರನ್ನು ಸ್ವಂತವಾಗಿ ಬಿಚ್ಚುವುದು ಯಾರಿಗೂ ತಕ್ಕದ್ದಲ್ಲ. ಗ್ಯಾಸ್ ಬಗೆಯನ್ನು ಗಾಳಿಯಾಡದ ಕೋಣೆಯಲ್ಲಿ ಬಳಸಬಾರದು. ಪಕ್ಕದ ಕೋಣೆಯಲ್ಲಿ ಥಿನ್ನರ್ ಬೆರೆಸಿ ಪಾಲಿಶ್ ಸ್ಪ್ರೇ ಮಾಡುತ್ತಿದ್ದರೆ ಮೂರರಲ್ಲಿ ಯಾವುದನ್ನೂ ಅಲ್ಲಿ ಚಾಲೂ ಮಾಡಬಾರದು; ನಮ್ಮ ಫ್ಲಾಟುಗಳಲ್ಲಿ ಬಡಗಿ ಕೆಲಸ, ಪಾಲಿಶ್ ಕೆಲಸ ಒಟ್ಟೊಟ್ಟಿಗೇ ಸಾಗುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಪೈಪಿಲ್ಲದ ಅನುಕೂಲವೇ ಒಂದು ಹೊಸ ಅಪಾಯವನ್ನೂ ತರುತ್ತದೆ. ಯಂತ್ರ ಈಗ ಏಣಿ ಹತ್ತುತ್ತದೆ, ಸಾರುವೆಯ ಮೇಲೆ ಕೈಯಿಂದ ಕೈಗೆ ದಾಟುತ್ತದೆ, ಊಟದ ಹೊತ್ತಿನಲ್ಲಿ ಹಲಗೆಯ ಮೇಲೆ ಬಿದ್ದಿರುತ್ತದೆ, ಎಲ್ಲ ಕಡೆಯೂ ಹೊಡೆಯಲು ಸಿದ್ಧವಾಗಿ. ಏಣಿ ಹತ್ತುವ ಮೊದಲು, ಇನ್ನೊಬ್ಬರಿಗೆ ಕೊಡುವ ಮೊದಲು, ಕೆಳಗಿಟ್ಟು ಹೋಗುವ ಮೊದಲು ಬ್ಯಾಟರಿ ಬಿಚ್ಚುವುದು ಒಂದು ಕ್ಷಣದ ಕೆಲಸ. ನಡೆಯುವಾಗ ಬೆರಳು ಟ್ರಿಗರಿನ ಹೊರಗಿರಬೇಕು. ಟ್ರಿಗರಿನ ಬಗೆ ಬದಲಿಸುವ ಸ್ವಿಚ್ ಇರುವ ಯಂತ್ರದಲ್ಲಿ ಕೆಲಸ ಶುರುಮಾಡುವ ಮೊದಲು ಅದು ಎಲ್ಲಿದೆ ಎಂದು ಕಣ್ಣಲ್ಲೇ ನೋಡಬೇಕು, ನಿನ್ನೆ ಯಾರು ತಿರುಗಿಸಿಟ್ಟರೋ ಗೊತ್ತಿರುವುದಿಲ್ಲ.

ಸರಿಯಾದ ಟ್ರಿಗರ್ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತೇ? ಇಲ್ಲ, ಮತ್ತು ಈ ಆಕ್ಷೇಪಕ್ಕೆ ನನ್ನ ಒಪ್ಪಿಗೆ ಪೂರ್ತಿ ಇದೆ. ಮರದೊಳಗೆ ಹೊಕ್ಕ ಮೊಳೆ ನೇರವಾಗಿಯೇ ಹೋಗುತ್ತದೆ ಎಂಬ ಭರವಸೆ ಇಲ್ಲ. ಗಂಟಿಗೆ, ಹಳೆಯ ಮೊಳೆಗೆ, ಒಳಗಿನ ಲೋಹದ ಪಟ್ಟಿಗೆ ತಗುಲಿದರೆ ಅದು ಬಾಗಿ ಪಕ್ಕದಿಂದ ಹೊರಬರುತ್ತದೆ, ಹಲಗೆಯನ್ನು ಹಿಡಿದ ಇನ್ನೊಂದು ಕೈ ಅಲ್ಲೇ ಇರುತ್ತದೆ. ಅದಕ್ಕೇ ಆ ಕೈ ಮೊಳೆ ಹೋಗುವ ಜಾಗದಿಂದ ಕನಿಷ್ಠ ಒಂದು ಅಡಿ ದೂರ ಇರಬೇಕೆಂಬ ಸಲಹೆ. ತುಂಡು ಚಿಕ್ಕದಾದರೆ ಕ್ಲ್ಯಾಂಪ್ ಹಾಕಬೇಕು. ತೆಳು ಪ್ಲೈವುಡ್ ದಾಟಿ ಆಚೆ ಕೋಣೆಗೆ ಮೊಳೆ ಬರಬಹುದು, ಆದ್ದರಿಂದ ಆಚೆ ಯಾರಿದ್ದಾರೆ ಎಂದು ಕೂಗಿ ಕೇಳುವುದು ನಾಚಿಕೆಯ ವಿಷಯವಲ್ಲ. ಚೂರು ಸಿಡಿಯುವುದರಿಂದ ಪಕ್ಕಕ್ಕೂ ಮರೆಯಿರುವ ಕನ್ನಡಕ ಬೇಕು. ಶಬ್ದದ ವಿಷಯದಲ್ಲಿ ಗಾಳಿಯ ಗನ್‌ಗಳ ಗರಿಷ್ಠ ಸದ್ದು 109ರಿಂದ 136 ಡೆಸಿಬೆಲ್‌ವರೆಗೆ ಅಳತೆಗೆ ಸಿಕ್ಕಿದೆ. ಬ್ಯಾಟರಿ ಯಂತ್ರದಲ್ಲಿ ಗಾಳಿ ಹೊರಬಿಡುವ ಸದ್ದು ಇಲ್ಲದಿದ್ದರೂ ಮೊಳೆ ಬಡಿಯುವ ಸದ್ದು ಇದೆ, ಕಿವಿಗೆ ರಕ್ಷಣೆ ಬಿಡುವಂತಿಲ್ಲ.

ನಿರ್ವಹಣೆಯನ್ನು ಯಂತ್ರದ ಬಾಳಿಕೆಯ ಪ್ರಶ್ನೆಯಾಗಿ ನೋಡುವ ರೂಢಿ ಇದೆ, ಆದರೆ ನೇಲ್ ಗನ್ನಿನಲ್ಲಿ ಅದು ಮೊದಲು ಸುರಕ್ಷತೆಯ ಪ್ರಶ್ನೆ. ಸೀಕ್ವೆನ್ಷಿಯಲ್ ಟ್ರಿಗರ್ ಕೆಲಸ ಮಾಡುವುದು ಮೂತಿಯ ತುದಿ ಸರಾಗವಾಗಿ ಹಿಂದೆ ಮುಂದೆ ಆಡಿದಾಗ ಮಾತ್ರ. ಮೊಳೆಗಳನ್ನು ಪಟ್ಟಿಯಾಗಿ ಹಿಡಿದಿಡುವ ಅಂಟು, ಕಾಗದ, ಪ್ಲಾಸ್ಟಿಕ್ ಚೂರು, ಮರದ ಪುಡಿ ಎಲ್ಲ ಅಲ್ಲಿ ಸೇರಿ ತುದಿ ಒಳಗೇ ಅಂಟಿ ನಿಂತರೆ, ಮೂತಿ ಮರಕ್ಕೆ ಒತ್ತಿದೆ ಎಂದೇ ಯಂತ್ರ ತಿಳಿಯುತ್ತದೆ. ಆದ್ದರಿಂದ ದಿನವೂ ಬ್ಯಾಟರಿ ಮತ್ತು ಮೊಳೆ ತೆಗೆದು ತುದಿಯನ್ನು ಮರಕ್ಕೆ ಒತ್ತಿ ಬಿಟ್ಟು ನೋಡಬೇಕು, ಅದು ತಾನಾಗಿ ಚಿಮ್ಮಿ ಹೊರಬರಬೇಕು. ಆಮೇಲೆ ಮೊಳೆ ತುಂಬಿ, ಬ್ಯಾಟರಿ ಹಾಕಿ, ನೆಲದ ಮೇಲಿನ ದಪ್ಪ ತುಂಡು ಮರದ ಕಡೆಗೆ ಮೂತಿ ಹಿಡಿದು ಪರೀಕ್ಷೆ: ಮೂತಿ ತಾಕಿಸದೆ ಟ್ರಿಗರ್ ಎಳೆದರೆ ಮೊಳೆ ಬರಬಾರದು, ಟ್ರಿಗರ್ ಮುಟ್ಟದೆ ಮೂತಿ ಒತ್ತಿದರೆ ಬರಬಾರದು, ಟ್ರಿಗರ್ ಮೊದಲೇ ಹಿಡಿದು ಮೂತಿ ಒತ್ತಿದರೂ ಬರಬಾರದು. ಒಂದರಲ್ಲಿ ಸೋತರೂ ಯಂತ್ರ ಆ ದಿನ ಕೆಲಸಕ್ಕಿಲ್ಲ. ವೇಗಕ್ಕೆಂದು ಮೂತಿಯ ಸ್ಪ್ರಿಂಗ್ ಕಿತ್ತಿರುವ, ಟ್ರಿಗರಿಗೆ ಟೇಪ್ ಸುತ್ತಿರುವ ಯಂತ್ರಕ್ಕೆ ಪರೀಕ್ಷೆಯ ಅಗತ್ಯವೂ ಇಲ್ಲ, ಅದನ್ನು ನೇರ ರಿಪೇರಿಗೆ ಕಳಿಸಬೇಕು.

ಕಂಪ್ರೆಸರ್ ಗನ್ನಿಗೆ ದಿನವೂ ಎರಡು ಹನಿ ಎಣ್ಣೆ ಹಾಕಿ ಅಭ್ಯಾಸವಾದವರು ಬ್ಯಾಟರಿಯದಕ್ಕೂ ಹಾಕುತ್ತಾರೆ. ಚಕ್ರದ ಬಗೆಯಲ್ಲಿ ಇದು ತಪ್ಪು: ಚಕ್ರ ಉಕ್ಕಿನ ಪಟ್ಟಿಯನ್ನು ಘರ್ಷಣೆಯಿಂದ ಹಿಡಿದು ತಳ್ಳುವುದರಿಂದ ಎಣ್ಣೆ ಬಿದ್ದರೆ ಹಿಡಿತ ಜಾರಿ ಮೊಳೆ ಅರ್ಧಕ್ಕೆ ನಿಲ್ಲುತ್ತದೆ. ಗ್ಯಾಸ್ ಬಗೆಗೆ ಮಸಿ ತೆಗೆಯುವ ನಿಗದಿತ ದ್ರಾವಣ, ನಿಗದಿತ ಎಣ್ಣೆ ಬೇಕು. ಮೊಳೆ ಪಟ್ಟಿಯ ಓರೆಯೂ ಮುಖ್ಯ. 21 ಡಿಗ್ರಿಯ ಯಂತ್ರಕ್ಕೆ 30 ಡಿಗ್ರಿಯ ಪಟ್ಟಿ ತುರುಕಿದರೆ ಸಿಕ್ಕಿಕೊಳ್ಳುವುದು ಖಂಡಿತ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 4ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡಬೇಕೆಂದು ತಯಾರಕರು ಹೇಳುತ್ತಾರೆ. ಕಲಬುರಗಿ, ರಾಯಚೂರಿನ ಏಪ್ರಿಲ್, ಮೇ ಬಿಸಿಲು ಆ ಮೇಲಿನ ಗೆರೆಯನ್ನು ದಾಟುತ್ತದೆ; ತಗಡಿನ ಶೆಡ್ಡಿನೊಳಗೆ ಕಾವು ಇನ್ನೂ ಹೆಚ್ಚು. ಅಲ್ಲಿ ಚಾರ್ಜಿಂಗ್ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬೇಕು, ಗ್ಯಾಸ್ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬಾರದು.

ಇಷ್ಟರ ಮೇಲೂ ಗಾಯವಾದರೆ ಮೊಳೆಯನ್ನು ಅಲ್ಲೇ ಕಿತ್ತು ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುವುದು ಬಹಳ ಕಡೆ ನಡೆಯುತ್ತದೆ. ಇದು ಅಪಾಯದ್ದು. ಹಲವು ಮೊಳೆಗಳ ಮೈಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಎಳೆಯುವಾಗ ಅವು ಒಳಗಿನ ನರವನ್ನೂ ಸ್ನಾಯುರಜ್ಜುವನ್ನೂ ಹರಿಯುತ್ತವೆ. ಪಟ್ಟಿಯ ತಂತಿ, ಪ್ಲಾಸ್ಟಿಕ್, ಅಂಟಿನ ಚೂರು ಒಳಗೇ ಉಳಿದು ಕೀವಾಗುತ್ತದೆ. ಮೊಳೆ ಇದ್ದ ಹಾಗೇ ಆ ಭಾಗವನ್ನು ಅಲುಗದಂತೆ ಹಿಡಿದು ಆಸ್ಪತ್ರೆಗೆ ಹೋಗಬೇಕು, ಹೊರಗೆ ಸಣ್ಣ ತೂತು ಮಾತ್ರ ಕಂಡರೂ. ಜೊತೆಗೆ ಅದೇ ಪಟ್ಟಿಯ ಇನ್ನೊಂದು ಮೊಳೆಯನ್ನು ಒಯ್ದು ವೈದ್ಯರಿಗೆ ತೋರಿಸಬೇಕು. ಅದರ ಉದ್ದ, ಮುಳ್ಳು, ಲೇಪ ನೋಡಿ ಅವರು ಎಕ್ಸ್‌ರೇ ಓದುತ್ತಾರೆ, ಹೇಗೆ ತೆಗೆಯಬೇಕೆಂದು ನಿರ್ಧರಿಸುತ್ತಾರೆ, ಧನುರ್ವಾಯು ಚುಚ್ಚುಮದ್ದು ಕೊನೆಯ ಬಾರಿ ಯಾವಾಗ ಆಗಿತ್ತೆಂದು ಕೇಳುತ್ತಾರೆ.