ಉಕ್ಕಿನ ಗುಟ್ಟು

ನಿಮ್ಮ ಅಡಿಗೆಮನೆಯಲ್ಲಿ ಎರಡು ಈಳಿಗೆಮಣೆಗಳಿವೆ ಎಂದಿಟ್ಟುಕೊಳ್ಳಿ. ಒಂದು ಅಜ್ಜಿಯ ಕಾಲದ್ದು. ಇಂದಿಗೂ ಕುಂಬಳಕಾಯಿಯನ್ನು ಸಲೀಸಾಗಿ ಹೋಳು ಮಾಡುತ್ತದೆ. ಇನ್ನೊಂದು ಮೊನ್ನೆ ಸಂತೆಯಲ್ಲಿ ಕೊಂಡದ್ದು. ಮೂರು ತಿಂಗಳಿಗೇ ಮೊಂಡಾಯಿತು. ನೋಡಲು ಎರಡೂ ಒಂದೇ ಲೋಹ. ಹಾಗಿದ್ದೂ ಈ ಭೇದವೇಕೆ? ಕಮ್ಮಾರನನ್ನು ಕೇಳಿದರೆ, "ಹದ ಸಾಲದು" ಎನ್ನುತ್ತಾನೆ. ಆ 'ಹದ' ಎಂಬ ಎರಡಕ್ಷರದೊಳಗೆ ಏನು ಅಡಗಿದೆ ಎಂದು ಹುಡುಕುವುದನ್ನೇ ಐದಾರು ವರ್ಷಗಳ ವ್ರತವಾಗಿ ಹಿಡಿದ ತರುಣ ತರುಣಿಯರು ನಮ್ಮ ಬೆಂಗಳೂರಿನಲ್ಲಿಯೇ ಇದ್ದಾರೆ. ಪದಾರ್ಥ ವಿಜ್ಞಾನದ ಸಂಶೋಧನ ವಿದ್ಯಾರ್ಥಿಗಳು ಇವರು.

ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಅಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗ ಆರಂಭವಾಯಿತು. ಲೋಹದ ಜೊತೆಗೆ ಪಿಂಗಾಣಿ, ಪ್ಲಾಸ್ಟಿಕ್, ಬ್ಯಾಟರಿಯ ಸಾಮಗ್ರಿ ಮುಂತಾದವೂ ಅಭ್ಯಾಸದ ವಿಷಯಗಳಾದ್ದರಿಂದ ಇಂದು ಅದಕ್ಕೆ ಪದಾರ್ಥ ಇಂಜಿನಿಯರಿಂಗ್ ವಿಭಾಗವೆಂದು ಹೆಸರು. ಅಲ್ಲಿಂದ ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಕೆಲವೇ ಮೈಲಿ ಹೋದರೆ ಪೀಣ್ಯ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಹಗಲಿರುಳು ಉಕ್ಕನ್ನು ಕಾಯಿಸುತ್ತಾರೆ, ಎಣ್ಣೆಯಲ್ಲಿ ಅದ್ದುತ್ತಾರೆ, ಗೇರುಗಳನ್ನೂ ಷಾಫ್ಟುಗಳನ್ನೂ ಕಡೆಯುತ್ತಾರೆ. ಅಲ್ಲಿನವರು ಹದವನ್ನು ಮಾಡಬಲ್ಲವರು. ಇಲ್ಲಿನವರು ಅದು ಏಕೆ ಹಾಗೆ ಎಂದು ಕೇಳುವವರು.

ವಿದ್ಯಾರ್ಥಿ ಮಾಡುವ ಕೆಲಸ ಹೊರನೋಟಕ್ಕೆ ಬಹಳ ಸಾಧಾರಣವಾದದ್ದು. ಉಕ್ಕಿನ ಚೂರೊಂದನ್ನು ಕತ್ತರಿಸಿ, ಎಮರಿ ಕಾಗದದ ಮೇಲೆ ಉಜ್ಜುತ್ತಾನೆ. ಒರಟು ಕಾಗದದಿಂದ ನಯವಾದ ಕಾಗದಕ್ಕೆ, ಅಲ್ಲಿಂದ ಮೆತ್ತನೆಯ ಬಟ್ಟೆಗೆ ಸಾಗಿ, ಚೂರು ಕನ್ನಡಿಯಂತೆ ಹೊಳೆಯುವವರೆಗೆ ಬಿಡುವುದಿಲ್ಲ. ಬಳಿಕ ಮದ್ಯಸಾರದಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವನ್ನು ಕೆಲವು ಸೆಕೆಂಡು ತಾಗಿಸಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾನೆ. ಆಗ ಹೊಲದ ಬದುಗಳಂತೆ ಗೆರೆಗಳು ಮೂಡಿ, ಲೋಹವೆಂಬುದು ಒತ್ತೊತ್ತಾಗಿ ಕೂಡಿದ ಹರಳುಗಳ ರಾಶಿಯೆಂಬುದು ಕಣ್ಣಿಗೆ ಬೀಳುತ್ತದೆ. ಹರಳು ಸಣ್ಣದಾದಷ್ಟೂ ಸಾಮಾನ್ಯವಾಗಿ ಲೋಹದ ಬಲ ಹೆಚ್ಚು.

ಹದದ ಗುಟ್ಟನ್ನು ಗೃಹಿಣಿಯರಿಗೆ ವಿವರಿಸುವುದು ಕಷ್ಟವಲ್ಲ. ಅದೇ ಬೆಲ್ಲ, ಅದೇ ನೀರು. ಪಾಕ ಎಳೆಯದಾದರೆ ಉಂಡೆ ನಿಲ್ಲದು, ಏರಿದರೆ ಹಲ್ಲಿಗೆ ಕಲ್ಲು. ಉಕ್ಕೆಂದರೆ ಸ್ವಲ್ಪ ಇಂಗಾಲ ಸೇರಿದ ಕಬ್ಬಿಣ. ಕಾದ ಉಕ್ಕು ನಿಧಾನವಾಗಿ ಆರಿದರೆ ಮೆತ್ತನೆಯ ಕಬ್ಬಿಣವೂ ಗಡುಸಾದ ಕಬ್ಬಿಣ-ಇಂಗಾಲದ ಸಂಯುಕ್ತವೂ ಪದರ ಪದರವಾಗಿ ಬೇರೆಯಾಗುತ್ತವೆ. ಥಟ್ಟನೆ ಅದ್ದಿದರೆ ಇಂಗಾಲಕ್ಕೆ ಬೇರೆಯಾಗಲು ಸಮಯ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಉಕ್ಕು ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಗುಣವೂ ಬರುತ್ತದೆ. ಮತ್ತೆ ಹಿತವಾಗಿ ಬಿಸಿಮಾಡಿದರೆ ಒಡೆಯುವ ಗುಣ ತಗ್ಗಿ ಹದ ಕೂಡುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ವಿದ್ಯಾರ್ಥಿ ನೂರಾರು ಚೂರುಗಳನ್ನು ಕಾಯಿಸಿ, ಎಳೆದು, ಮುರಿದು ಅಳೆಯುತ್ತಾನೆ. ಅವುಗಳಲ್ಲಿ ಹೆಚ್ಚಿನವು ಕೊಡುವ ಉತ್ತರ 'ಇದಲ್ಲ' ಎಂದೇ. ಅದನ್ನೂ ಅವನು ಬರೆದಿಡಬೇಕು.

ಬರೆದಿಡುವುದು ಏಕೆ ಮುಖ್ಯವೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಪೀಣ್ಯವನ್ನು ಹಾಯ್ದು ಹೋಗುವ ರಸ್ತೆಯೇ ತುಮಕೂರು ಸೀಮೆಗೆ ಮುಟ್ಟುತ್ತದೆ. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಆ ಕಡೆಯಲ್ಲಿ ಉಕ್ಕು ಕಾಸುವುದನ್ನು ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಒಂದೆರಡು ಹಸಿರೆಲೆ ಇಟ್ಟು, ಬಾಯಿ ಮೆತ್ತಿ ಕುಲುಮೆಯಲ್ಲಿಡುತ್ತಿದ್ದರು. ಕಡ್ಡಿ, ಎಲೆಗಳಿಂದ ಕಬ್ಬಿಣಕ್ಕೆ ಇಂಗಾಲ ಸೇರುತ್ತಿತ್ತು. ಇಂಥ ದಕ್ಷಿಣ ದೇಶದ ಉಕ್ಕೇ ಡಮಾಸ್ಕಸ್ ಕತ್ತಿಗಳೆಂದು ಹೆಸರಾದ ಅಲಗುಗಳಿಗೆ ಮೂಲ. ಇಂಗ್ಲಿಷರು ಇದನ್ನು 'ವೂಟ್ಸ್' ಎಂದರು. ಅದು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ಕಮ್ಮಾರನ ಮಗನಾಗಿದ್ದ ಮೈಕೇಲ್ ಫ್ಯಾರಡೆ 1819ರಲ್ಲಿ ಅದನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಂ ಧಾತುವಿನ ಅಂಶ ಕಾರಣವಿರಬೇಕೆಂದು ಊಹಿಸಿದ. ಊಹೆ ತಪ್ಪಾಯಿತು, ನೂರಕ್ಕೆ ಸುಮಾರು ಒಂದೂವರೆ ಪಾಲಿನಷ್ಟಿದ್ದ ಇಂಗಾಲವೇ ಮುಖ್ಯ ಕಾರಣವೆಂಬುದು ಆಮೇಲೆ ಸ್ಥಿರಪಟ್ಟಿತು. ಅದಿರಿನಲ್ಲಿದ್ದ ಅತ್ಯಲ್ಪ ವೆನೇಡಿಯಂನಂಥ ಧಾತುಗಳೂ ಅಲಗಿನ ಮೇಲಿನ ಅಲೆಯಂಥ ಚಿತ್ತಾರಕ್ಕೆ ನೆರವಾದುವೆಂದು 1998ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ವಿಲಾಯಿತಿಯ ಅಗ್ಗದ ಉಕ್ಕು ಬಂದ ಮೇಲೆ, 19ನೆಯ ಶತಮಾನದಲ್ಲಿ ಆ ಕುಲುಮೆಗಳು ಒಂದೊಂದಾಗಿ ಆರಿದವು. ತಂದೆಯ ಕೈಯಿಂದ ಮಗನ ಕೈಗೆ ಬರುತ್ತಿದ್ದ ವಿದ್ಯೆ ಕೈಯೊಂದಿಗೇ ಹೋಯಿತು. ಉಳಿದದ್ದು ಹೆಸರು ಮತ್ತು ಪರಸ್ಥಳದವರ ಟಿಪ್ಪಣಿ. ಮಾಡಬಲ್ಲವರಿದ್ದರು, ಬರೆಯುವವರಿರಲಿಲ್ಲ.

ಇಂದು ಬರೆಯುವವರಿದ್ದಾರೆ. ವಿಜ್ಞಾನ ಸಂಸ್ಥೆಯ ಸಂಶೋಧನ ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಆದರೆ ಅವು ಇರುವುದು ಇಂಗ್ಲಿಷಿನಲ್ಲಿ. ಪೀಣ್ಯದ ಕುಲುಮೆಯ ಮುಂದೆ ನಿಂತು, ಹದ ತಪ್ಪಿ ಬಿರಿದ ಗೇರನ್ನು ಕೈಯಲ್ಲಿ ಹಿಡಿದ ಕನ್ನಡದ ಕೆಲಸಗಾರನಿಗೆ, ಕೆಲವೇ ಮೈಲಿ ಆಚೆ ಬರೆದಿಟ್ಟ ಉತ್ತರ ದೂರದೇಶದಷ್ಟೇ ದೂರ. ಅಂದು ಬರಹವಿಲ್ಲದೆ ವಿದ್ಯೆ ಅಳಿಯಿತು. ಇಂದು ಬರಹವಿದ್ದೂ ಅದು ಬೇಕಾದ ಕೈಯನ್ನು ಮುಟ್ಟದಿದ್ದರೆ ಫಲವೇನು?

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ವಿದ್ಯಾರ್ಥಿಯಿದ್ದರೆ, "ಇನ್ನೆಷ್ಟು ವರ್ಷ ಓದು, ಕೆಲಸ ಯಾವಾಗ?" ಎಂದು ಕೇಳುವುದನ್ನು ಒಂದು ದಿನ ಬಿಡಿ. "ಈ ವಾರ ಸೂಕ್ಷ್ಮದರ್ಶಕದಲ್ಲಿ ಏನು ಕಂಡೆ? ನಮಗೆ ತಿಳಿಯುವಂತೆ ಕನ್ನಡದಲ್ಲಿ ಹೇಳು" ಎಂದು ಕೇಳಿ. ಮೊದಲು ತಡವರಿಸಿಯಾನು. ಆದರೆ ತಾಯಿಗೆ ತಿಳಿಯುವಂತೆ ಹೇಳಲು ಕಲಿತವನು ನಾಳೆ ಕುಲುಮೆಯವನಿಗೂ ಹೇಳಬಲ್ಲ.